ಅರ ಹಾಕುವ ಮೊದಲು: ಕೊಂಬು-ನರದ ಬಿಲ್ಲಿನ ಬಾಗು ಮತ್ತು ಆದೋನಿಯ ಮಳೆಗಾಲ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಾಡಿದ ಮಂಡನೆಯ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗವಿದೆ.)

ಪರದೆ ಕಾಣಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ. ಈ ಮೊದಲ ಚಿತ್ರದಲ್ಲಿ ಇರೋದು ಒಂದು ಬಿಲ್ಲು. ಹೆದೆ ಕಟ್ಟಿಲ್ಲ. ಹೆದೆ ಇಲ್ಲದಾಗ ಇದರ ಎರಡು ತುದಿಗಳೂ ಏಡಿಯ ಮುಂಗಾಲುಗಳ ಹಾಗೆ ಒಂದರ ಕಡೆಗೊಂದು ಮುದುರಿಕೊಂಡಿರುತ್ತವೆ. ಅದೂ ಬಿಲ್ಲುಗಾರನ ಕಡೆಗಲ್ಲ, ಅವನಿಂದ ಆಚೆಗೆ. ಹೆದೆ ಏರಿಸಬೇಕಾದರೆ ಇಡೀ ಬಿಲ್ಲನ್ನು ಉಲ್ಟಾ ದಿಕ್ಕಿಗೆ ಮಗುಚಬೇಕು. ಮೊದಲ ಸಲ ನೋಡಿದವರು ‘ಇದನ್ನ ಹೆಂಗೆ ಕಟ್ತೀರಿ, ತಿರುಗುಮುರುಗು ಇದೆಯಲ್ಲ’ ಅಂತಾರೆ. ಅವರು ಹೇಳೋದು ಸರಿಯಾಗಿಯೇ ಇದೆ.

ಇವತ್ತಿನ ನನ್ನ ವಿಷಯ ಚಿಕ್ಕದು. ಇಂಥ ಬಿಲ್ಲಿನ ಎರಡೂ ಕಡೆಯ ಬಾಗನ್ನು ಒಂದಕ್ಕೊಂದು ಹೊಂದಿಸುವ ಕೆಲಸ. ಇಂಗ್ಲಿಷಿನಲ್ಲಿ ಅದನ್ನು ಟಿಲ್ಲರಿಂಗ್ ಎನ್ನುತ್ತಾರೆ. ನಾನು ‘ಬಾಗು ಹದ ಮಾಡುವುದು’ ಎನ್ನುತ್ತೇನೆ. ಈ ಕೆಲಸದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಆ ತಪ್ಪಿನಿಂದ ಕಲಿತದ್ದನ್ನೇ ಇಲ್ಲಿ ಮಂಡಿಸುತ್ತಿದ್ದೇನೆ. ಅದರಿಂದ ನಮ್ಮ ಭಾಗದ ಯುದ್ಧಚರಿತ್ರೆಯನ್ನು ಓದುವ ಕ್ರಮಕ್ಕೂ ಒಂದು ಸಣ್ಣ ಪ್ರಯೋಜನವಿದೆ ಎಂಬುದು ನನ್ನ ವಾದ.

1. ಊರು ಮತ್ತು ಪ್ರಶ್ನೆ

ನಾನು ಆದೋನಿಯವನು. 1953ರ ಅಕ್ಟೋಬರ್ 1ಕ್ಕೆ ಮೊದಲು ನಮ್ಮ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ದಿನ ಆಂಧ್ರ ರಾಜ್ಯವಾದಾಗ ಬಳ್ಳಾರಿಯ ಹೆಚ್ಚಿನ ಭಾಗ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಕೋಟೆಯ ಕಡೆ ಹೋದರೆ ಉರ್ದು. ಹೀಗೆ ಮೂರರಲ್ಲೂ ಬೆಳೆದವರು ನಾವು.

ಆ ಕೋಟೆ ವಿಜಯನಗರದ ಕಾಲದಲ್ಲಿ ಮುಖ್ಯ ದುರ್ಗಗಳಲ್ಲಿ ಒಂದು. 1565ರ ಯುದ್ಧದ ನಂತರ ಬಿಜಾಪುರದ ಆದಿಲಶಾಹಿಗಳ ಕೈಗೆ ಬಂತು. ಹದಿನೇಳನೆಯ ಶತಮಾನದಲ್ಲಿ ಸಿದ್ದಿ ಮಸೂದ್ ಖಾನ್ ಇಲ್ಲಿ ಅಧಿಕಾರ ನಡೆಸಿದ. ಊರಿನ ಜಾಮಿಯಾ ಮಸೀದಿ ಅವನು ಕಟ್ಟಿಸಿದ್ದು. 1680ರ ದಶಕದ ಕೊನೆಯಲ್ಲಿ ಔರಂಗಜೇಬನ ಸೇನಾನಿ ಫಿರೋಜ್ ಜಂಗ್ ಕೋಟೆಯನ್ನು ಹಿಡಿದ. 1786ರಲ್ಲಿ ಟಿಪ್ಪು ಮುತ್ತಿಗೆ ಹಾಕಿದ. ನಾಲ್ಕು ಶತಮಾನ ಸೈನ್ಯಗಳು ಬಂದು ಹೋದ ಜಾಗ ಇದು.

ಈ ಸೈನ್ಯಗಳಲ್ಲಿ ಬಿಲ್ಲುಗಾರರಿದ್ದರು ಅಂತ ನಾವೆಲ್ಲ ಬರೀತೀವಿ. ಯಾವ ಬಿಲ್ಲು ಅನ್ನೋದನ್ನ ಅಷ್ಟಾಗಿ ಕೇಳೋದಿಲ್ಲ. ಬಿದಿರಿನ ಬಿಲ್ಲೋ, ಮರದ್ದೋ, ಕೊಂಬಿನದ್ದೋ? ಅಲಿ ಆದಿಲ್ ಶಾ ಹುಲಿಗೆ ಬಾಣ ಬಿಡುತ್ತಿರುವ ಬಿಜಾಪುರದ ಪ್ರಸಿದ್ಧ ವರ್ಣಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಂಥ ದಖ್ಖನಿ ಮತ್ತು ಮೊಘಲ್ ಚಿತ್ರಗಳಲ್ಲಿ ಕಾಣುವ, ತುದಿ ಹೊರಕ್ಕೆ ಮಡಿಸಿದ ಬಿಲ್ಲು ಕೊಂಬು-ನರದ ಬಿಲ್ಲು. ಫಾರಸಿಯಲ್ಲಿ ಅದಕ್ಕೆ ‘ಕಮಾನ್’ ಎಂದು ಹೆಸರು. ನಮ್ಮ ಭಾಷೆಯಲ್ಲಿ ಆ ಬಿಲ್ಲು ಹೋಯಿತು, ಪದ ಉಳಿಯಿತು: ಬಾಗಿಲ ಕಮಾನು, ಕಮಾನು ಗಾಡಿ, ಲಾರಿಯ ಕಮಾನು ಪಟ್ಟಿ. ಲಾರಿಯ ಕಮಾನು ಪಟ್ಟಿಯಲ್ಲಂತೂ ಮೂಲ ಅರ್ಥವೇ ಇದೆ: ಬಾಗಿ, ಮತ್ತೆ ಎದ್ದು ನಿಲ್ಲುವ ವಸ್ತು.

ಕೊಂಬಿನ ಬಿಲ್ಲು ಹೊರಗಿನಿಂದ ಬಂದದ್ದು ಅಂತ ಒಂದೇ ಮಾತಿನಲ್ಲಿ ಹೇಳಿಬಿಡುವ ರೂಢಿಯೂ ಇದೆ. ಆದರೆ ಕೌಟಿಲ್ಯನ ಅರ್ಥಶಾಸ್ತ್ರದ ಆಯುಧಾಗಾರದ ಪ್ರಕರಣದಲ್ಲಿ ತಾಳೆ, ಬಿದಿರು, ಮರ, ಕೊಂಬು ಎಂದು ನಾಲ್ಕು ಬಗೆಯ ಬಿಲ್ಲಿನ ಸಾಮಗ್ರಿ ಹೇಳಿದೆ. ಹೆದೆಗೆ ಬಳಸುವ ವಸ್ತುಗಳ ಪಟ್ಟಿಯಲ್ಲಿ ಸ್ನಾಯುವೂ ಇದೆ. ಅಗ್ನಿಪುರಾಣದ ಧನುರ್ವೇದ ಭಾಗದಲ್ಲಿ ಲೋಹ, ಕೊಂಬು, ಮರ ಎಂದು ಮೂರು. ವಿಷ್ಣುವಿನ ಬಿಲ್ಲಿನ ಹೆಸರು ಶಾರ್ಙ್ಗ, ಅಂದರೆ ಶೃಂಗದಿಂದ ಆದದ್ದು.

ಈ ಪಟ್ಟಿಗಳು ಸಾಮಗ್ರಿ ಹೇಳುತ್ತವೆ, ಕೈಕೆಲಸ ಹೇಳುವುದಿಲ್ಲ. ಹಾಗಾಗಿ ಒಂದು ಬಿಲ್ಲು ಮಾಡಿಯೇ ನೋಡೋಣ ಅಂತ ಹೊರಟೆ.

2. ಮೂರು ಪದರ, ಮೂರು ಸ್ವಭಾವ

ಮುಂದಿನ ಚಿತ್ರ. ಇದು ಬಿಲ್ಲಿನ ತೋಳಿನ ಅಡ್ಡಕೊಯ್ತ. ಹಿಡಿಯ ಮೇಲಿನ ಭಾಗವನ್ನು ಮೇಲ್ತೋಳು, ಕೆಳಗಿನದನ್ನು ಕೆಳತೋಳು ಎನ್ನುತ್ತೇನೆ. ಬಿಲ್ಲುಗಾರನ ಕಡೆಗಿರುವ ಮೈ ‘ಹೊಟ್ಟೆ’, ಗುರಿಯ ಕಡೆಗಿರುವ ಮೈ ‘ಬೆನ್ನು’.

ಹೊಟ್ಟೆಯಲ್ಲಿ ಎಮ್ಮೆಯ ಕೊಂಬಿನ ಪಟ್ಟಿ, ನಡುವೆ ತೆಳ್ಳಗೆ ಬಿದಿರು, ಬೆನ್ನಿನ ಮೇಲೆ ನರ. ನರ ಅಂದರೆ ಇಲ್ಲಿ ರಕ್ತನಾಳವಲ್ಲ. ಎಮ್ಮೆಯ ಹಿಂಗಾಲಿನ ಹಿಮ್ಮಡಿಯ ಗಟ್ಟಿ ಸ್ನಾಯು. ಅದನ್ನು ಒಣಗಿಸಿ, ಕಲ್ಲಿನಿಂದ ಜಜ್ಜಿ, ಬಾಚಣಿಗೆಯಲ್ಲಿ ಬಾಚಿದರೆ ನಾರು ನಾರಾಗಿ ಬಿಡಿಸಿಕೊಳ್ಳುತ್ತದೆ. ಮೂರನ್ನೂ ಹಿಡಿದಿಡುವುದು ಸರೇಸು, ತೊಗಲನ್ನು ಬೇಯಿಸಿ ಇಳಿಸಿದ ಅಂಟು.

ಬಿಲ್ಲು ಬಾಗಿದಾಗ ಹೊಟ್ಟೆ ಒತ್ತಿಕೊಳ್ಳುತ್ತದೆ, ಬೆನ್ನು ಹಿಗ್ಗುತ್ತದೆ. ಮರವೊಂದೇ ಆದರೆ ಸುಮಾರು ಶೇಕಡಾ 1ರಷ್ಟು ಒತ್ತಡ ತಾಳಿ ಆಮೇಲೆ ಸುಕ್ಕುಗಟ್ಟುತ್ತದೆ. ಕೊಂಬು ಅದರ ಮೂರು-ನಾಲ್ಕು ಪಟ್ಟು ತಾಳುತ್ತದೆ. ಹಿಗ್ಗುವ ಕಡೆ ನರವೂ ಹಾಗೇ, ಮರ ಮುರಿಯುವಲ್ಲಿ ಅದು ಇನ್ನೂ ಹಿಗ್ಗುತ್ತದೆ. ಅದಕ್ಕೇ ಇಷ್ಟು ಗಿಡ್ಡ ಬಿಲ್ಲನ್ನು ಕಿವಿಯ ತನಕ ಎಳೆಯಬಹುದು. ಕುದುರೆಯ ಮೇಲಿನವನಿಗೆ ಗಿಡ್ಡ ಬಿಲ್ಲೇ ಬೇಕಿತ್ತು.

ಕೊಂಬಿನ ಬಗ್ಗೆ ಒಂದು ಮಾತು. ಈಗ ಎಲ್ಲ ಕಡೆ ಕಾಣುವ ಮುರ್ರಾ ಎಮ್ಮೆಯ ಕೊಂಬು ಸುರುಳಿ. ಅದರಲ್ಲಿ ಒಂದು ಗೇಣು ನೇರ ಪಟ್ಟಿಯೂ ಸಿಗೋದಿಲ್ಲ. ಉದ್ದ ಕೊಂಬಿಗೆ ಹೆಸರಾದದ್ದು ಸೊಲ್ಲಾಪುರ, ಕೊಲ್ಹಾಪುರದ ಕಡೆಯ ಪಂಢರಪುರಿ ತಳಿ. ಹಾಲಿಗಾಗಿ ತಳಿ ಬದಲಾದರೆ ಬಿಲ್ಲಿನ ಸಾಮಗ್ರಿಯೂ ಬದಲಾಗುತ್ತದೆ ಎನ್ನುವುದು ನನಗೆ ಕಸಾಯಿ ಅಂಗಡಿಗಳನ್ನು ಸುತ್ತುವಾಗ ಗೊತ್ತಾಯಿತು.

ನರವನ್ನು ಮೂರು ಸಲ ಹಚ್ಚಿದೆ. ಪ್ರತಿ ಸಲವೂ ಒಣಗಲು ವಾರಗಟ್ಟಲೆ ಬಿಟ್ಟೆ. ಒಣಗುತ್ತಾ ನರ ಮುದುರುತ್ತದೆ; ಮುದುರುತ್ತಾ ಇಡೀ ಬಿಲ್ಲನ್ನು ಬೆನ್ನಿನ ಕಡೆಗೆ ಎಳೆದುಕೊಳ್ಳುತ್ತದೆ. ಮೊದಲ ಚಿತ್ರದಲ್ಲಿ ನೋಡಿದ ಆ ಏಡಿ ಆಕಾರ ಹೀಗೆ ಬರುತ್ತದೆ. ಕೊನೆಯ ಪದರದ ನಂತರ 11 ತಿಂಗಳು ಅದನ್ನು ಮುಟ್ಟಲಿಲ್ಲ. ಈ 11 ತಿಂಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

3. ಬಾಗು ಹದ ಅಂದರೇನು

ಬಿದಿರು ಅಥವಾ ಮರದ ಬಿಲ್ಲಿನಲ್ಲಿ ಈ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಗೋಡೆಗೆ ಒಂದು ಗೂಟ ಹೊಡೆದು ಅದರ ಮೇಲೆ ಬಿಲ್ಲಿನ ಹಿಡಿ ಇಡುತ್ತೀರಿ. ಹೆದೆಗೆ ಹಗ್ಗ ಕಟ್ಟಿ ರಾಟೆಯ ಮೂಲಕ ಮೆಲ್ಲಗೆ ಎಳೆದು, ಹಿಂದೆ ನಿಂತು ನೋಡುತ್ತೀರಿ. ಎಲ್ಲಿ ಬಾಗುತ್ತಿಲ್ಲವೋ ಅಲ್ಲಿ ಹೊಟ್ಟೆಯ ಕಡೆ ಸ್ವಲ್ಪ ಕೆರೆಯುತ್ತೀರಿ. ಎಲ್ಲಿ ಹೆಚ್ಚು ಬಾಗುತ್ತಿದೆಯೋ ಅಲ್ಲಿ ಕೈ ಹಾಕುವುದಿಲ್ಲ. ಮತ್ತೆ ಎಳೆದು ನೋಡುತ್ತೀರಿ. ಹೀಗೆ ನೂರು ಸಲ.

ಕೆರೆಯುವಾಗ ಒಂದು ಲೆಕ್ಕ ತಲೆಯಲ್ಲಿರಬೇಕು. ಪಟ್ಟಿಯ ಬಿಗಿತ ಅದರ ಅಗಲಕ್ಕೆ ನೇರವಾಗಿ, ಆದರೆ ದಪ್ಪದ ಘನಕ್ಕೆ ಅನುಗುಣವಾಗಿ ಬದಲಾಗುತ್ತದೆ. ನನ್ನ ಬಿಲ್ಲಿನ ತೋಳು 12 ಮಿಲಿಮೀಟರ್ ದಪ್ಪ. ಅದರಲ್ಲಿ 0.6 ಮಿಲಿಮೀಟರ್ ತೆಗೆದರೆ ದಪ್ಪ ಕಡಿಮೆಯಾಗುವುದು ಶೇಕಡಾ 5 ಮಾತ್ರ, ಬಿಗಿತ ಹೋಗುವುದು ಸುಮಾರು ಶೇಕಡಾ 14. ಮೂರು ಬೇರೆ ಬೇರೆ ಪದರಗಳಿರುವಲ್ಲಿ ಈ ಲೆಕ್ಕ ಪೂರಾ ಸರಿ ಹೊಂದುವುದಿಲ್ಲ, ಆದರೆ ಎಷ್ಟು ಎಚ್ಚರ ಬೇಕು ಎಂಬುದನ್ನು ಹೇಳುತ್ತದೆ. ಉಗುರಿನ ದಪ್ಪದಷ್ಟು ತೆಗೆದರೂ ಬಿಲ್ಲೇ ಬೇರೆಯಾಗುತ್ತದೆ.

ಎರಡೂ ತೋಳು ಕನ್ನಡಿಯಲ್ಲಿ ನೋಡಿದ ಹಾಗೆ ಒಂದೇ ಸಮ ಇರಬೇಕು ಅಂತಲೂ ಅಲ್ಲ. ಬಾಣ ಕೂರುವುದು ಹಿಡಿದ ಮುಷ್ಟಿಯ ಮೇಲೆ, ಅಂದರೆ ಬಿಲ್ಲಿನ ನಟ್ಟನಡುವಿಗಿಂತ ಸ್ವಲ್ಪ ಮೇಲೆ. ಹಾಗಾಗಿ ಕೆಳತೋಳು ಒಂದಿಷ್ಟು ಬಿಗಿಯಾಗಿರಬೇಕು.

ಕೊಂಬು-ನರದ ಬಿಲ್ಲಿನಲ್ಲಿ ಗುರಿ ಇದೇ, ದಾರಿ ಬೇರೆ. ಬೆನ್ನಿನ ನರವನ್ನು ಕೆರೆದರೆ ನಾರು ಕತ್ತರಿಸಿ ಮೇಲೇಳುತ್ತದೆ, ಅಲ್ಲಿಗೆ ಕೈ ಹಾಕುವಂತಿಲ್ಲ. ಅರ ಹಾಕಬಹುದಾದ್ದು ಹೊಟ್ಟೆಯ ಕೊಂಬಿಗೆ ಮತ್ತು ಸ್ವಲ್ಪ ಮಟ್ಟಿಗೆ ಅಂಚಿಗೆ. ಇನ್ನೊಂದು ಸಾಧನ ಬೆಂಕಿ. ಕೊಂಬು ಬಿಸಿಗೆ ಮಿದುವಾಗುತ್ತದೆ, ತಣ್ಣಗಾದಾಗ ಹಿಡಿದ ಆಕಾರದಲ್ಲೇ ನಿಲ್ಲುತ್ತದೆ. ತುದಿ ಒಂದು ಕಡೆಗೆ ತಿರುಚಿಕೊಂಡಿದ್ದರೆ ಕೆಂಡದಿಂದ ಒಂದು ಮೊಳ ಮೇಲೆ ಹಿಡಿದು, ಅಂಗೈ ಹಿಂಭಾಗ ಹತ್ತು ಎಣಿಸುವ ತನಕ ತಾಳುವಷ್ಟು ಬಿಸಿಯಲ್ಲಿ ಕಾಸಿ, ಎದುರು ದಿಕ್ಕಿಗೆ ತಿರುಚಿ ಹಿಡಿಯಬೇಕು. ಆದರೆ ಸರೇಸಿಗೆ ತೇವ ಮತ್ತು ಬಿಸಿ ಎರಡೂ ಒಟ್ಟಿಗೆ ತಗುಲಿದರೆ ಕರಗುತ್ತದೆ. ಒಣಗಿದ ಬಿಲ್ಲನ್ನು ಮಾತ್ರ ಕಾಸಬೇಕು.

ಹೀಗೆ ಮೂರು ಹಂತ: ಒಣಗಿಸು, ಕಾಸು, ಅರ ಹಾಕು. ಈ ಕ್ರಮ ನನಗೆ ಪುಸ್ತಕ ಓದಿ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

4. ಮೊದಲ ಸಲ ಹೆದೆ ಏರಿಸಿದ್ದು

11 ತಿಂಗಳು ಕಳೆದ ಮೇಲೆ, ನವೆಂಬರಿನಲ್ಲಿ ಮೊದಲ ಸಲ ಹೆದೆ ಏರಿಸಿದೆವು. ‘ದೆವು’ ಅಂದೆ, ಯಾಕೆಂದರೆ ಇದು ಒಬ್ಬರ ಕೆಲಸವಲ್ಲ. ನಾನು ಕೂತು ಎರಡೂ ಪಾದ ಹಿಡಿಯ ಹತ್ತಿರ ಒತ್ತಿ ತೋಳುಗಳನ್ನು ನನ್ನ ಕಡೆಗೆ ಎಳೆದೆ. ತಮ್ಮ ಹೆದೆಯನ್ನು ತುದಿಯ ಕಚ್ಚಿಗೆ ಸಿಕ್ಕಿಸಿದ. ಬಾಗಿದ ಮರದ ಅಚ್ಚುಗಳನ್ನು ತೋಳಿಗೆ ಮೊದಲೇ ಕಟ್ಟಿದ್ದೆವು. ಇಲ್ಲದಿದ್ದರೆ ಹೆದೆ ಪಕ್ಕಕ್ಕೆ ಜಾರಿ ಇಡೀ ಬಿಲ್ಲು ಒಂದೇ ಏಟಿಗೆ ಹಳೆಯ ಆಕಾರಕ್ಕೆ ಮಗುಚಿಬಿಡುತ್ತದೆ. ಹಾಗಾದರೆ ಕೊಂಬು ಬಿರಿಯಬಹುದು, ಹಿಡಿದವರ ಹಲ್ಲೂ ಹೋಗಬಹುದು.

ಮೊದಲು ಹತ್ತಿ ದಾರದ ಹೆದೆ ಮಾಡಿದ್ದೆ. ಆದೋನಿ ಅಂದರೆ ಹತ್ತಿ ಮಾರುಕಟ್ಟೆ, ಊರಿನ ಹತ್ತಿಯೇ ಇರಲಿ ಅಂತ. ಹತ್ತಿ ಹಿಗ್ಗುತ್ತಾ ಹೋಯಿತು, ಎರಡು ತೋಳಿನ ಬಾಗು ಅಳೆಯೋಕೆ ಆಗಲಿಲ್ಲ. ರೇಷ್ಮೆಗೆ ಬದಲಾಯಿಸಿದೆ.

ಅಚ್ಚು ಬಿಚ್ಚಿ ಒಂದು ದಿನ ಹಾಗೇ ಬಿಟ್ಟು ನೋಡಿದಾಗ ಮೇಲ್ತೋಳು ಎಡಕ್ಕೆ ಸ್ವಲ್ಪ ತಿರುಚಿತ್ತು. ಕಾಸಿ ಸರಿಪಡಿಸಿದೆ. ಆಮೇಲೆ ಗೂಟದ ಮೇಲಿಟ್ಟು ಮೊದಲು 30 ಸೆಂಟಿಮೀಟರ್, ಒಂದು ವಾರ ಬಿಟ್ಟು 40, ಹೀಗೆ ಹೆಚ್ಚಿಸುತ್ತಾ ಹೋದೆ. ಪ್ರತಿ ಸಲ ಫೋನಿನಲ್ಲಿ ಒಂದೇ ಜಾಗದಿಂದ ಚಿತ್ರ ತೆಗೆದು, ಒಂದನ್ನು ಇನ್ನೊಂದರ ಮೇಲೆ ಹಾಕಿ ಹೋಲಿಸುತ್ತಿದ್ದೆ. ಮಾರ್ಚ್ ಹೊತ್ತಿಗೆ 65 ಸೆಂಟಿಮೀಟರ್ ಎಳೆತಕ್ಕೆ ಬಂತು. ಸ್ಪ್ರಿಂಗ್ ತಕ್ಕಡಿ 20 ಕಿಲೋ ತೋರಿಸಿತು. ಎರಡೂ ತೋಳು ಚೆನ್ನಾಗಿ ಬಾಗುತ್ತಿದ್ದವು. ಅರದ ಕೆಲಸ ತುಂಬ ಕಮ್ಮಿ ಆಗಿತ್ತು. ನನಗೆ ಖುಷಿಯೋ ಖುಷಿ.

5. ಆಗಸ್ಟ್

ಮೇ ತಿಂಗಳಲ್ಲಿ ಹೆದೆ ಇಳಿಸಿ ಬಿಲ್ಲನ್ನು ಮನೆಯ ಮೂಲೆಯಲ್ಲಿ ನಿಲ್ಲಿಸಿದೆ. ನಮ್ಮದು ಹಳೆಯ ಕಲ್ಲುಗೋಡೆಯ ಮನೆ, ನೆಲಕ್ಕೆ ಕಡಪ ಕಲ್ಲು. ಕೆಳತೋಳಿನ ತುದಿ ನೆಲದ ಮೇಲಿತ್ತು.

ಆಗಸ್ಟಿನಲ್ಲಿ ಗೆಳೆಯರು ಬಂದರು, ತೋರಿಸೋಣ ಅಂತ ಹೆದೆ ಏರಿಸಿದೆ. ಏರಿಸುವುದು ಯಾವತ್ತಿಗಿಂತ ಸುಲಭವಾಯಿತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಗೂಟದ ಮೇಲಿಟ್ಟು ನೋಡಿದರೆ ಕೆಳತೋಳು ಹೆಚ್ಚು ಬಾಗುತ್ತಿದೆ, ಮೇಲ್ತೋಳು ಬಿಗಿಯಾಗಿ ನಿಂತಿದೆ. ‘ಮೇಲ್ತೋಳನ್ನು ಪೂರಾ ಹದ ಮಾಡಿಲ್ಲ, ಬೇಸಿಗೆಯಲ್ಲಿ ಗೊತ್ತಾಗಿಲ್ಲ’ ಅಂದುಕೊಂಡೆ. ಎರಡು ಸಂಜೆ ಕೂತು ಮೇಲ್ತೋಳಿನ ಕೊಂಬಿಗೆ ಅರ ಹಾಕಿದೆ. ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಹೋಯಿತು. ಎರಡೂ ತೋಳು ಸಮ ಬಂದವು. ಚಿತ್ರ ತೆಗೆದು ‘ಮುಗೀತು’ ಅಂತ ಡೈರಿಯಲ್ಲಿ ಬರೆದೆ.

ಜನವರಿಯಲ್ಲಿ ಹೆದೆ ಏರಿಸಿದಾಗ ಮೇಲ್ತೋಳು ಸೋತುಹೋಗಿತ್ತು. ಕೆಳತೋಳು ತನ್ನ ಹಳೆಯ ಬಿಗಿತಕ್ಕೆ ವಾಪಸ್ ಬಂದಿತ್ತು.

ಏನಾಗಿತ್ತು ಅಂದರೆ, ಮಳೆಗಾಲದಲ್ಲಿ ತಂಪಾದ ಕಲ್ಲುನೆಲದ ತೇವವನ್ನು ಕೆಳತೋಳಿನ ನರ ಮತ್ತು ಸರೇಸು ಹೀರಿಕೊಂಡಿದ್ದವು. ತೇವ ಹಿಡಿದ ನರ ಸಡಿಲ. ತೊಂದರೆ ಇದ್ದದ್ದು ಕೆಳತೋಳಿನಲ್ಲಿ, ನಾನು ಕೆರೆದದ್ದು ಆರೋಗ್ಯವಾಗಿದ್ದ ಮೇಲ್ತೋಳನ್ನು. ತೇವ ಆರಿಹೋಯಿತು. ಕೆರೆದ ಕೊಂಬು ವಾಪಸ್ ಬರುವುದಿಲ್ಲ.

ನಮ್ಮ ಓಣಿಯಲ್ಲಿ ಒಬ್ಬ ಹಿರಿಯರಿದ್ದಾರೆ, ಪಿಂಜಾರರ ಮನೆಯವರು. ತೆಲುಗಿನಲ್ಲಿ ದೂದೇಕುಲ ಅಂತಾರೆ. ಚಿಕ್ಕಂದಿನಲ್ಲಿ ಅವರು ಹತ್ತಿ ಹಿಂಜುವ ಬಿಲ್ಲು ಹಿಡಿದವರು. ಆ ಬಿಲ್ಲು ಗೊತ್ತಲ್ಲ, ಆಳೆತ್ತರದ ದಂಡ, ಒಂದು ತುದಿಗೆ ಅಗಲ ಹಲಗೆ, ಪ್ರಾಣಿಯ ಕರುಳಿನಿಂದ ಹೊಸೆದ ಹೆದೆ. ಮರದ ಕೊಡತಿಯಿಂದ ಹೆದೆಯನ್ನು ಮೀಟಿದರೆ ಅದರ ನಡುಕಕ್ಕೆ ಹತ್ತಿ ಬಿಡಿಸಿಕೊಳ್ಳುತ್ತದೆ. ನಾನು ಬಿಲ್ಲು ಒಯ್ದು ತೋರಿಸಿ, ‘ತಾತ, ಈ ಕಡಿ ಯಾಕೋ ಸೋತೈತೆ’ ಅಂದೆ. ಅವರು ಬಿಲ್ಲನ್ನು ಕೈಗೂ ತಗೊಳ್ಳಲಿಲ್ಲ. ‘ಯಾವ ತಿಂಗಳಾಗ ಉಜ್ಜಿದಿ?’ ಅಂದರು.

ಅಷ್ಟೇ ಪ್ರಶ್ನೆ. ನಾನು ಆಗಸ್ಟ್ ಅಂದಾಗ ನಕ್ಕರು. ಮಳೆಗಾಲದಲ್ಲಿ ಅವರ ಹೆದೆಯೂ ಸಡಿಲಾಗಿ ಸದ್ದು ಮಂಕಾಗುತ್ತಿತ್ತಂತೆ. ಹೊಸಬರು ತಕ್ಷಣ ಬಿಗಿ ಮಾಡುತ್ತಿದ್ದರು. ನಾಲ್ಕು ದಿನ ಬಿಸಿಲು ಬಿದ್ದರೆ ಹೆದೆ ಪಟ್ಟಂತ ಹರಿಯುತ್ತಿತ್ತು. ಹಳಬರು ಬಿಗಿ ಮಾಡುತ್ತಿರಲಿಲ್ಲ, ಒಲೆಯ ಹತ್ತಿರ ಇಟ್ಟು ಕಾಸಿ ಆಮೇಲೆ ಮೀಟಿ ನೋಡುತ್ತಿದ್ದರು. ‘ನರಕ್ಕ ಬ್ಯಾಸಿಗಿ ಒಂದು ಮಾತು, ಮಳಿಗಾಲ ಒಂದು ಮಾತಪ್ಪ. ಬ್ಯಾಸಿಗಿ ಮಾತ ಕೇಳಬೇಕು’ ಅಂದರು.

ಕೊನೆಗೆ ಕೆಳತೋಳನ್ನೂ ಅಷ್ಟೇ ಕೆರೆದು ಸಮ ಮಾಡಬೇಕಾಯಿತು. 20 ಕಿಲೋ ಇದ್ದ ಎಳೆತ 17ಕ್ಕೆ ಇಳಿಯಿತು. ಬಿಲ್ಲು ಇವತ್ತಿಗೂ ಚೆನ್ನಾಗಿ ಹೊಡೆಯುತ್ತದೆ. ಆದರೆ ಅದು ನಾನು ಮಾಡಿದ ಬಿಲ್ಲಲ್ಲ, ನಾನು ತಪ್ಪು ಮಾಡಿದ ಬಿಲ್ಲು. ಎರಡು ವರ್ಷದ ಕೆಲಸದಲ್ಲಿ ಮೂರು ಕಿಲೋ ಎರಡು ಸಂಜೆಯಲ್ಲಿ ಹೋಯಿತು.

6. ಈಗ ಏನನ್ನು ಅಳೆಯುತ್ತೇನೆ

ಆಮೇಲೆ ನಾನು ಮೂರು ಅಳತೆ ಇಟ್ಟುಕೊಂಡೆ. ಇದೇ ಕೆಲಸ ಮಾಡುವವರಿಗೆ, ವಸ್ತುಸಂಗ್ರಹಾಲಯಗಳಲ್ಲಿ ದಾಖಲಾತಿ ಮಾಡುವ ಗೆಳೆಯರಿಗೆ ಉಪಯೋಗವಾಗಬಹುದು.

ಮೊದಲನೆಯದು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ನನ್ನ ಬಿಲ್ಲು ಜನವರಿಯಲ್ಲಿ 512 ಗ್ರಾಂ, ಮರುವರ್ಷದ ಆಗಸ್ಟಿನಲ್ಲಿ 531. ಹೆಚ್ಚಾದ 19 ಗ್ರಾಂ ನೀರು.

ಎರಡನೆಯದು ತುದಿಗಳ ಅಂತರ. ಹೆದೆ ಇಲ್ಲದಾಗ ಎರಡು ತುದಿಗಳ ನಡುವೆ ಮೇ ತಿಂಗಳಲ್ಲಿ 28 ಸೆಂಟಿಮೀಟರ್, ಆಗಸ್ಟಿನಲ್ಲಿ 41. ನರ ಒಣಗಿದಾಗ ಮುದುರುತ್ತದೆ, ತೇವ ಹಿಡಿದಾಗ ಬಿಡುತ್ತದೆ. ಬಿಲ್ಲು ತಾನೇ ಒಂದು ಹವಾಮಾನ ಮಾಪಕ.

ಮೂರನೆಯದು ತೂಗು ಬಿಂದು. ತೂಕ ಒಟ್ಟು ತೇವವನ್ನು ಹೇಳುತ್ತದೆ, ಯಾವ ತೋಳಿನಲ್ಲಿದೆ ಅನ್ನೋದನ್ನ ಹೇಳುವುದಿಲ್ಲ. ಬಿಲ್ಲನ್ನು ಹಿಡಿಯ ಹತ್ತಿರ ಒಂದು ದಾರಕ್ಕೆ ಅಡ್ಡಲಾಗಿ ನೇತುಹಾಕಿ, ಸಮತೂಕ ಎಲ್ಲಿ ನಿಲ್ಲುತ್ತದೋ ಅಲ್ಲಿ ಗುರುತು ಮಾಡಬೇಕು. ಒಂದು ತೋಳು ಇನ್ನೊಂದಕ್ಕಿಂತ 8 ಗ್ರಾಂ ಹೆಚ್ಚು ನೀರು ಕುಡಿದಿದ್ದರೆ, ಇಷ್ಟು ಅಳತೆಯ ಬಿಲ್ಲಿನಲ್ಲಿ ಆ ಗುರುತು ನಾಲ್ಕೈದು ಮಿಲಿಮೀಟರ್ ಆ ಕಡೆ ಸರಿಯುತ್ತದೆ. ದಾರದಲ್ಲಿ ಕಣ್ಣಿಗೇ ಕಾಣುತ್ತದೆ. ಗುರುತು ಒಣ ತಿಂಗಳಿನ ಜಾಗಕ್ಕೆ ವಾಪಸ್ ಬರುವ ತನಕ ಅರವನ್ನು ಪೆಟ್ಟಿಗೆಯಿಂದ ತೆಗೆಯುವುದಿಲ್ಲ ಎಂಬುದು ಈಗಿನ ನನ್ನ ನಿಯಮ. ಬಿಲ್ಲನ್ನು ಮಲಗಿಸಿ, ಗಾಳಿಯಾಡುವ ಅಟ್ಟದ ಮೇಲೆ ಇಡುತ್ತೇನೆ. ಕೊರಿಯಾದಲ್ಲಿ ಇಂಥ ಬಿಲ್ಲುಗಳನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುವ ರೂಢಿ ಇದೆ. ಅದಕ್ಕೆ ಕಾರಣ ಈಗ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

7. ಚರಿತ್ರೆಯ ಓದಿಗೆ ಇದರಿಂದ ಏನು?

ಮೂರು ಅಂಶ ಹೇಳಿ ಮುಗಿಸುತ್ತೇನೆ.

ಒಂದು, ಶಿಲ್ಪ ಮತ್ತು ಸಂಗ್ರಹ. ವೀರಗಲ್ಲುಗಳಲ್ಲಿ, ಹಂಪಿಯ ಹಜಾರರಾಮ ದೇವಾಲಯದ ರಾಮಾಯಣ ಫಲಕಗಳಲ್ಲಿ ಬಿಲ್ಲುಗಳಿವೆ. ಶಿಲ್ಪದ ಬಾಗು ನೋಡಿ ‘ಇದು ಕೊಂಬಿನ ಬಿಲ್ಲು’ ಎಂದು ತೀರ್ಮಾನಿಸುವಾಗ ಎಚ್ಚರ ಬೇಕು. ಶಿಲ್ಪಿಯ ಸಂಪ್ರದಾಯ ಒಂದು ಕಾರಣವಾದರೆ, ಒಂದೇ ಬಿಲ್ಲು ಎರಡು ಋತುವಿನಲ್ಲಿ ಎರಡು ಆಕಾರ ತೋರಿಸುತ್ತದೆ ಎಂಬುದು ಇನ್ನೊಂದು. ಸಂಗ್ರಹಾಲಯದ ಬಿಲ್ಲಿನ ಛಾಯಾಚಿತ್ರದ ಜೊತೆ ತಿಂಗಳು, ತೂಕ, ತುದಿಗಳ ಅಂತರ ಬರೆದಿಟ್ಟರೆ ಮುಂದೆ ಹೋಲಿಸುವವರಿಗೆ ಅರ್ಥವಿರುತ್ತದೆ. ಹಳೆಯ ಬಿಲ್ಲಿಗೆ ಹೆದೆ ಏರಿಸುವ ಸಾಹಸವನ್ನಂತೂ ಯಾರೂ ಮಾಡಬಾರದು.

ಎರಡು, ಲೆಕ್ಕಕ್ಕೆ ಬಾರದ ಕೈಗಳು. ಬಿಜಾಪುರದಲ್ಲಿದ್ದು ಬರೆದ ಫಿರಿಶ್ತಾ, ಇಮ್ಮಡಿ ದೇವರಾಯನ ಬಗ್ಗೆ ಒಂದು ವಿಷಯ ದಾಖಲಿಸುತ್ತಾನೆ. ಬಹಮನಿಗಳ ಗೆಲುವಿಗೆ ಅವರ ಕುದುರೆ ಮತ್ತು ಬಿಲ್ಲುಗಾರರು ಕಾರಣ ಎಂದು ಸಲಹೆ ಬಂದಾಗ ದೇವರಾಯ ಮುಸಲ್ಮಾನ ಬಿಲ್ಲುಗಾರರನ್ನು ಸೇರಿಸಿಕೊಂಡು ತನ್ನವರಿಗೆ ವಿದ್ಯೆ ಕಲಿಸಲು ನೇಮಿಸಿದ; 2,000 ಮುಸಲ್ಮಾನರು, 60,000 ಹಿಂದೂಗಳು ಬಿಲ್ಲಿನಲ್ಲಿ ನಿಪುಣರಾದರು ಎಂದು. ಸಂಖ್ಯೆ ಉತ್ಪ್ರೇಕ್ಷೆ ಇರಬಹುದು. ಅದರ ಹತ್ತನೇ ಒಂದು ಪಾಲಿನವರ ಕೈಯಲ್ಲಿ ಕೊಂಬಿನ ಬಿಲ್ಲಿತ್ತು ಅಂದುಕೊಂಡರೂ, ಪ್ರತಿ ಮಳೆಗಾಲ ಕಳೆದ ಮೇಲೆ ಆರು ಸಾವಿರ ಬಿಲ್ಲುಗಳನ್ನು ಒಣಗಿಸಿ, ಕಾಸಿ, ತೋಳು ಹೊಂದಿಸಿ ಕೊಡುವವರು ಬೇಕು. ಬಿಲ್ಲುಗಾರರನ್ನು ಎಣಿಸಿದವರು ಅವರನ್ನು ಎಣಿಸಲಿಲ್ಲ. ಉತ್ತರದಲ್ಲಿ ಅವರಿಗೆ ಕಮಾನ್‌ಗರ್ ಎಂಬ ಹೆಸರಿತ್ತು. ಕಚ್ಛದಲ್ಲಿ ಬಿಲ್ಲಿನ ಕಾಲ ಮುಗಿದ ಮೇಲೆ ಆ ಮನೆತನದವರು ಗೋಡೆಚಿತ್ರ ಬರೆಯುವವರಾದರು. ಅಲ್ಲಿನ ಚಿತ್ರಕಲೆಗೆ ಇವತ್ತಿಗೂ ಕಮಾನ್‌ಗರಿ ಎಂದೇ ಹೆಸರು. ಭಾರತದಲ್ಲಿ ಉಕ್ಕಿನ ಬಿಲ್ಲುಗಳೂ ಬಳಕೆಗೆ ಬಂದವು. ಆಯುಧಶಾಲೆಯಲ್ಲಿ ವರ್ಷಗಟ್ಟಲೆ ಇಟ್ಟರೂ ತೇವಕ್ಕೆ ಸೋಲದ ಬಿಲ್ಲಿಗೆ ಏನು ಬೆಲೆ ಅಂತ ನನ್ನ ಆಗಸ್ಟ್ ನನಗೆ ತೋರಿಸಿದೆ.

ಮೂರು, ಇದು ಊಹೆ ಮಾತ್ರ. ನಮ್ಮ ಕಡೆ ಮಹಾನವಮಿಗೆ ಆಯುಧ ತೆಗೆದು ಪೂಜೆ, ವಿಜಯದಶಮಿಗೆ ಬನ್ನಿ. ಆದೋನಿಗೆ ಹತ್ತಿರದ ಹೊಳಗುಂದ ಮಂಡಲದ ದೇವರಗಟ್ಟಿನ ಬನ್ನಿ ಉತ್ಸವ ನಿಮಗೆಲ್ಲ ಗೊತ್ತಿರೋದೇ. ಮಳೆಗಾಲ ಮುಗಿದ ಮೇಲೆ ದಂಡಯಾತ್ರೆ ಶುರುವಾಗುತ್ತಿತ್ತು ಎನ್ನಲು ದಾರಿ, ಹೊಳೆ, ಮೇವು ಮುಂತಾದ ಕಾರಣ ಕೊಡುತ್ತೇವೆ. ಬಿಲ್ಲನ್ನೂ ಆ ಪಟ್ಟಿಗೆ ಸೇರಿಸಬಹುದೇ ಎಂಬುದು ನನ್ನ ಪ್ರಶ್ನೆ. ವಿರಾಟಪರ್ವದಲ್ಲಿ ಪಾಂಡವರು ಬನ್ನಿಮರದಲ್ಲಿ ಆಯುಧ ಬಚ್ಚಿಡುವ ಪ್ರಸಂಗ ತೆಗೆದು ನೋಡಿ. ಬಚ್ಚಿಡುವ ಮೊದಲು ಬಿಲ್ಲುಗಳ ಹೆದೆ ಇಳಿಸುತ್ತಾರೆ. ನಕುಲ ಮರ ಹತ್ತಿ, ಮಳೆ ತಾಗದ ಜಾಗ ನೋಡಿ ಕಟ್ಟುತ್ತಾನೆ. ಚಿಕ್ಕಂದಿನಿಂದ ಕೇಳಿದ ಕಥೆ. ಮಳೆಯ ಆ ವಿವರ ನನ್ನ ಕಣ್ಣಿಗೆ ಬಿದ್ದದ್ದು ಬಿಲ್ಲು ಕೆಟ್ಟ ಮೇಲೆ.

ಪ್ರಶ್ನೋತ್ತರ

ಪ್ರಶ್ನೆ: ಈ ಮೂರು ಕಿಲೋ ವ್ಯತ್ಯಾಸ ನಿಜವಾಗಿ ಅಷ್ಟು ದೊಡ್ಡದೇ? ನಿಮಗೆ ಯುದ್ಧವೇನೂ ಇಲ್ಲವಲ್ಲ.

ಉತ್ತರ: (ನಗು) ಇಲ್ಲ ಸರ್. ಆದರೆ ಒಂದು ಮಳೆಗಾಲಕ್ಕೆ ಮೂರು ಕಿಲೋ ಅಂತ ನೋಡಿ. ನನ್ನಂಥವನ ಕೈಗೆ ಸಿಕ್ಕರೆ ಬಿಲ್ಲು ನಾಲ್ಕೈದು ವರ್ಷಕ್ಕೆ ಆಟಿಕೆಯಾಗುತ್ತದೆ. ಸರಿಯಾಗಿ ಕಾದು ನೋಡುವವನ ಕೈಯಲ್ಲಿ ತಲೆಮಾರು ಬಾಳುತ್ತದೆ. ಎರಡೂ ಕಡೆ ಸಾಮಗ್ರಿ ಅದೇ, ಅರ ಅದೇ.

ಪ್ರಶ್ನೆ: ಸರೇಸಿನ ಬದಲು ಈಗಿನ ಎಪಾಕ್ಸಿ ಅಂಟು ಬಳಸಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ ಅಲ್ಲವೇ?

ಉತ್ತರ: ಕೊಂಬು, ಬಿದಿರು ಜೋಡಿಸೋಕೆ ಬಳಸುವವರಿದ್ದಾರೆ ಮೇಡಂ. ನರದ ಪದರದಲ್ಲಿ ಕಷ್ಟ. ಸರೇಸು ಒಣಗುತ್ತಾ ನರದ ಜೊತೆ ತಾನೂ ಮುದುರುತ್ತದೆ, ಬಿಲ್ಲಿನ ಆ ಎಳೆತ ಬರುವುದು ಅದರಿಂದ. ಎಪಾಕ್ಸಿ ಹಾಗೆ ಮುದುರುವುದಿಲ್ಲ. ಅಲ್ಲದೆ ನನ್ನ ಪ್ರಶ್ನೆ ತೇವದ ಜೊತೆ ಹಳಬರು ಹೇಗೆ ಬದುಕಿದರು ಅನ್ನೋದು. ತೇವವನ್ನೇ ತೆಗೆದುಹಾಕಿದರೆ ಆ ಪ್ರಶ್ನೆಯೂ ಹೋಗುತ್ತದೆ.

ಪ್ರಶ್ನೆ: ‘ಬಾಗು ಹದ’ ಅನ್ನೋ ಪದ ನೀವೇ ಮಾಡಿದ್ದಾ?

ಉತ್ತರ: ಹೌದು, ಜೋಡಿಸಿದ್ದು ನಾನು. ‘ಸಮ ಮಾಡುವುದು’ ಅಂತ ಮೊದಲು ಬರೆದಿದ್ದೆ. ಸಮ ಅನ್ನೋದು ಕಣ್ಣಿಗೆ ಸಂಬಂಧಪಟ್ಟದ್ದು, ಯಾವತ್ತು ಬೇಕಾದರೂ ನೋಡಬಹುದು. ಹದಕ್ಕೆ ಹೊತ್ತು ಬೇಕು. ಬಿತ್ತನೆಗೆ ಭೂಮಿ ಹದಕ್ಕೆ ಬಂತು ಅಂತೀವಲ್ಲ, ಹಾಗೆ. ನಾನು ಆಗಸ್ಟಿನಲ್ಲಿ ಮಾಡಿದ್ದು ಸಮ. ಹದ ಬಂದಿರಲಿಲ್ಲ.

ಸಮಯ ಮುಗಿದಿದೆ ಅಂತ ಸಂದೇಶ ಬರ್ತಾ ಇದೆ.